ಅರ್ಜಿ ಕೊಟ್ಟರೂ ಸಿಬ್ಬಂದಿ ಏಕೆ ಗಮನಿಸುವುದಿಲ್ಲ?

ಪ್ರಶ್ನೆ: ಪಹಣಿಯಲ್ಲಿ ನಮ್ಮ ತಂದೆಯವರ ಹೆಸರು ತಪ್ಪಾಗಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟು ಎರಡು ತಿಂಗಳಾಯಿತು. ನಾಲ್ಕು ಬಾರಿ ಹೋಗಿ ಬಂದರೂ ಯಾರೂ ಗಮನಿಸುತ್ತಿಲ್ಲ. ತುಮಕೂರಿಗೇ ಹೋಗಿ ಮೇಲಧಿಕಾರಿಗಳನ್ನು ಕಾಣಬೇಕೇ?
– ಪಾವಗಡ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ಈಗಲೇ ಬೇಡ. ಸುಮಾರು ನೂರು ಕಿಲೋಮೀಟರ್ ಪಯಣಿಸಿ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಮನವಿ ಕೊಟ್ಟರೂ, ಅದು ‘ಮುಂದಿನ ಸೂಕ್ತ ಕ್ರಮಕ್ಕಾಗಿ’ ಎಂಬ ಷರಾ ಹೊತ್ತು ಬಹುಮಟ್ಟಿಗೆ ನಿಮ್ಮ ತಾಲ್ಲೂಕು ಕಚೇರಿಯ ಅದೇ ಮೇಜಿಗೆ ಮರಳುತ್ತದೆ. ನಿಮ್ಮ ಅರ್ಜಿ ಆ ಕಚೇರಿಯ ವಹಿಯಲ್ಲಿ ದಾಖಲಾಗಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಅರ್ಜಿಯನ್ನು ಟಪಾಲು ಶಾಖೆಯಲ್ಲೇ ಕೊಟ್ಟು, ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು; ಪರಿಚಯದವರ ಕೈಗೆ ಒಪ್ಪಿಸಿ ಬಂದ ಕಾಗದಕ್ಕೆ ಯಾರೂ ಹೊಣೆಯಾಗುವುದಿಲ್ಲ.

ನಿಮ್ಮ ಕೋರಿಕೆ, ಸರ್ಕಾರಿ ಸೇವೆಗಳನ್ನು ನಿಗದಿತ ಗಡುವಿನೊಳಗೆ ಕೊಡಿಸುವ ರಾಜ್ಯದ ‘ಸಕಾಲ’ ವ್ಯವಸ್ಥೆಯ ಪಟ್ಟಿಯಲ್ಲಿರುವ ಸೇವೆಯಾಗಿದ್ದರೆ ದಾರಿ ಇನ್ನೂ ಸುಲಭ. 2011ರ ಕಾಯ್ದೆಯಡಿ ಬಂದ ಈ ವ್ಯವಸ್ಥೆಯಲ್ಲಿ ಅರ್ಜಿಗೆ 15 ಅಂಕಿಗಳ ಸಂಖ್ಯೆ ದೊರೆಯುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ನಿಜ. ಆದರೆ ತಪ್ಪಿತಸ್ಥ ನೌಕರರಿಂದಲೇ ಅದು ವಸೂಲಾಗುವುದರಿಂದ, ರಾಶಿ ಕಡತಗಳ ನಡುವೆ ಗಡುವಿರುವ ಕಡತಕ್ಕೆ ವಿಷಯ ನಿರ್ವಾಹಕರ (ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಕೈ ಮೊದಲು ಹೋಗುತ್ತದೆ. ಗಡುವು ಮುಗಿದ ಅಥವಾ ಅರ್ಜಿ ತಿರಸ್ಕೃತವಾದ 30 ದಿನಗಳೊಳಗೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಅರ್ಜಿಯ ಬರವಣಿಗೆಯೂ ಮುಖ್ಯ. ನಾನೊಮ್ಮೆ ಬೀದಿ ದೀಪ, ಮನೆಯ ಖಾತೆ, ಚರಂಡಿ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಒಂದು ಕಚೇರಿಗೆ ಕೊಟ್ಟಿದ್ದೆ. ಅದು ತಮ್ಮ ವಿಷಯವಲ್ಲವೆಂದು ಒಬ್ಬೊಬ್ಬರೂ ಮತ್ತೊಬ್ಬರ ಮೇಜು ತೋರಿಸಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು. ಆದ್ದರಿಂದ ಒಂದು ಅರ್ಜಿಯಲ್ಲಿ ಒಂದೇ ಕೋರಿಕೆಯಿರಲಿ. ‘ವಿಷಯ’ದ ಸಾಲಿನಲ್ಲೇ ಗ್ರಾಮ, ಸರ್ವೆ ನಂಬರ್, ಈಗಿರುವ ತಪ್ಪು ಹೆಸರು ಮತ್ತು ಆಗಬೇಕಾದ ಸರಿ ಹೆಸರು ಬರಲಿ, ಹಿಂದಿನ ಅರ್ಜಿಯ ಸಂಖ್ಯೆ, ದಿನಾಂಕಗಳನ್ನು ‘ಉಲ್ಲೇಖ’ದಲ್ಲಿ ಕೊಡಿ. ನಾಲ್ಕು ಬಾರಿ ಅಲೆದ ಸಂಕಟವನ್ನು ಎರಡು ಪುಟ ಬರೆದರೆ, ಓದುವವರಿಗೆ ನಿಮ್ಮ ಬೇಡಿಕೆಯೇ ಕೈಗೆ ಸಿಗದೆ ಹೋಗಬಹುದು.

ಮತ್ತೆ ಹೋದಾಗ ‘ನನ್ನ ಕೆಲಸ ಏನಾಯಿತು’ ಎಂದು ಕೇಳುವ ಬದಲು ಹಿಂಬರಹ, ಎಂದರೆ ಅರ್ಜಿಗೆ ಕಚೇರಿಯ ಲಿಖಿತ ಉತ್ತರ, ಕೇಳಿ. ದಾಖಲೆ ಕೊರತೆಯಿದ್ದರೆ ಯಾವ ದಾಖಲೆ ಎಂಬುದನ್ನು ಅದರಲ್ಲಿ ಕಾಣಿಸಲೇಬೇಕಾಗುತ್ತದೆ. ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೂ ದೂರು ಕೊಡಬಹುದು.

ಇಷ್ಟಾದರೂ ಮೌನವೇ ಉತ್ತರವಾದರೆ, 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅದು ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಇಂಥ ದಿನಾಂಕದ ಇಂಥ ಸಂಖ್ಯೆಯ ಅರ್ಜಿ ಯಾವ ಯಾವ ದಿನ ಯಾರ ಬಳಿಯಿತ್ತು, ಅವರು ಬರೆದ ಟಿಪ್ಪಣಿಯ ಪ್ರತಿ ಕೊಡಿ ಎಂದಷ್ಟೇ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಎಷ್ಟೋ ಬಾರಿ ಆ ಉತ್ತರ ಸಿದ್ಧಪಡಿಸಲು ಕಡತ ಹುಡುಕುವಾಗಲೇ ಬಾಕಿ ಉಳಿದ ಸಹಿಯೂ ಬೀಳುತ್ತದೆ.