ಬಾಟ್‌ಗೆ ಮರ ಕಾಣಲ್ಲ, ಮರದ ಹೆಸರು ಮಾತ್ರ

ಮೈನ್‌ಕ್ರಾಫ್ಟ್ ಅನ್ನೋ ಬ್ಲಾಕ್‌ಗಳ ವಿಡಿಯೋ ಗೇಮ್‌ನಲ್ಲಿ ಒಂದು ಬಾಟ್, ಅಂದ್ರೆ ಪ್ರೋಗ್ರಾಂ ಆಡಿಸೋ ಗೊಂಬೆ, ತಾನಾಗೇ ಓಡಾಡ್ಕೊಂಡು ಮರ ಕಡಿಯೋದು ನೋಡಿದ್ರೆ ಸಾಕು, "ಎಐಗೆ ಜೀವ ಬಂದ್ಬಿಡ್ತು" ಅಂತ ಬಾಯ್ಮೇಲೆ ಕೈ ಇಟ್ಕೊಳ್ಳೋರು ಇದಾರೆ. ಅಯ್ಯೋ ಮಾರಾಯ್ರೇ, ಆ ಗೊಂಬೆ ಒಳಗೆ ಯಾರೂ ಕೂತಿಲ್ಲ!

2023ರಲ್ಲಿ ಎನ್‌ವಿಡಿಯಾ, ಕ್ಯಾಲ್‌ಟೆಕ್‌ನೋರೆಲ್ಲ ಸೇರಿ ಮಾಡಿದ ವಾಯೇಜರ್ ಅನ್ನೋ ಬಾಟ್‌ನೇ ತಗೊಳ್ಳಿ. ಅದರ ತಲೆ ಜಿಪಿಟಿ-4 ಅನ್ನೋ ಎಐ ಭಾಷಾ ಮಾಡೆಲ್, ಆದ್ರೆ ಆ ತಲೆಗೆ ಸ್ಕ್ರೀನೇ ಕಾಣಲ್ಲ. ಸುತ್ತ ಯಾವ್ಯಾವ ಬ್ಲಾಕ್ ಇದೆ, ಹಸಿವು ಎಷ್ಟಾಗಿದೆ, ಇನ್ವೆಂಟರಿಲಿ ಏನೇನಿದೆ ಅಂತ ಬರೀ ಅಕ್ಷರದಲ್ಲಿ ಹೋಗುತ್ತೆ, ಅದು ತಿರುಗಿಸಿ ಒಂದು ಜಾವಾಸ್ಕ್ರಿಪ್ಟ್ ಕೋಡ್ ಕೊಡುತ್ತೆ, ಅದನ್ನ ಮೈನ್‌ಫ್ಲೇಯರ್ ಅನ್ನೋ ಲೈಬ್ರರಿ ಆಟದೊಳಗೆ ಓಡಿಸುತ್ತೆ. ಕಣ್ಣಿಗೆ ಬಟ್ಟೆ ಕಟ್ಕೊಂಡು ಫೋನಲ್ಲಿ ಇನ್ನೊಬ್ಬರಿಗೆ ಕಾರ್ ಓಡಿಸೋಕೆ ಹೇಳ್ಕೊಟ್ಟ ಹಾಗೆ. ಊಹೂಂ, ಫೋನಲ್ಲಾದ್ರೆ ಮಾತು ತಕ್ಷಣ ಮುಟ್ಟುತ್ತೆ, ಇದು ಪೋಸ್ಟ್ ಕಾರ್ಡಲ್ಲಿ ಚೆಸ್ ಆಡಿದ ಹಾಗೆ ಅನ್ನಿ. ಯಾಕಂದ್ರೆ ಆಟ ಸೆಕೆಂಡಿಗೆ 20 ಟಿಕ್, ಅಂದ್ರೆ 20 ಪುಟ್ಟ ಹೆಜ್ಜೆ ಓಡುತ್ತೆ, ಕ್ರೀಪರ್ ಅನ್ನೋ ಸಿಡಿಯೋ ರಾಕ್ಷಸ ಹತ್ರ ಬಂದು ಬುಸ್ ಅಂದ್ರೆ 1.5 ಸೆಕೆಂಡಲ್ಲಿ ಢಮಾರ್, ಮಾಡೆಲ್ ಉದ್ದುದ್ದ ಕೋಡ್ ಬರ್ದು ಮುಗಿಸೋ ಹೊತ್ತಿಗೆ ಅಲ್ಲಿ ಗುಂಡಿ ಬಿದ್ದಿರುತ್ತೆ. ಅದಕ್ಕೇ ವಾಯೇಜರ್‌ನಲ್ಲಿ ಉತ್ತರ ಬರೋ ತನಕ ಆಟವನ್ನೇ ನಿಲ್ಲಿಸಿಡ್ತಿದ್ರು.

ಹಾಗಾದ್ರೆ ಗುಡ್ಡ ಹತ್ತಿ ಹಳ್ಳ ಸುತ್ಕೊಂಡು ಮರದ ಹತ್ರ ನಡೆಯೋದು ಯಾರು? ಎ-ಸ್ಟಾರ್! 1968ರಲ್ಲಿ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಹಾರ್ಟ್, ನಿಲ್ಸನ್, ರಫಾಯಲ್ ಪ್ರಕಟಿಸಿದ ಲೆಕ್ಕ ಅದು, ಶೇಕಿ ಅನ್ನೋ ನಡುಗಾಡೋ ರೋಬೋಟ್‌ಗೆ ದಾರಿ ಹುಡುಕೋಕೆ ಅಂತ ಹುಟ್ಟಿದ್ದು. ಇಲ್ಲೀವರೆಗೆ ಬಂದ ಖರ್ಚು, ಇನ್ನು ಉಳಿದಿರಬಹುದಾದ ದೂರದ ಅಂದಾಜು, ಎರಡನ್ನೂ ಕೂಡಿಸಿ ಯಾವುದು ಕಮ್ಮಿಯೋ ಅದನ್ನ ಮೊದಲು ನೋಡೋದು, ಅಷ್ಟೇ. ನೀವು ಬಾಯಿ ಬಿಟ್ಟು ನೋಡೋ ನಡಿಗೆ ಎಐ ಅಸಿಸ್ಟೆಂಟ್‌ದಲ್ಲ, ಈ ಅಜ್ಜನದು.

ನಂಗೆ ನಿಜವಾಗ್ಲೂ ಖುಷಿ ಕೊಡೋದು ವಾಯೇಜರ್ ಎಡವೋ ರೀತಿ. ಒಂದ್ಸಲ "ಅಕೇಶಿಯಾ ಕೊಡಲಿ" ಮಾಡೋಕೆ ಹೋಯ್ತು. ಅಕೇಶಿಯಾ ಮರ ಇದೆ, ಹಲಗೆ ಇದೆ, ಆದ್ರೆ ಆ ಹೆಸರಿನ ಕೊಡಲಿ ಆಟದಲ್ಲೇ ಇಲ್ಲ, ಯಾವ ಮರದ್ದಾದ್ರೂ ಅದು ಬರೀ ಮರದ ಕೊಡಲಿ. ಅಂಥ ಐಟಂ ಇಲ್ಲ ಅಂತ ಎರರ್ ಬಂತು, ಆ ಎರರ್‌ನ ಹಾಗೇ ವಾಪಸ್ ಓದಿಸಿದ್ರು, ಓಹೋ ಅಂತ ತಿದ್ಕೊಂಡ್ತು. ಕುಲುಮೆಗೆ ಸೌದೆ ಬದಲು ಕಾಬಲ್‌ಸ್ಟೋನ್ ಹಾಕೋ ಭೂಪ ಕೂಡ ಇದೇ, ಕಲ್ಲು ಉರಿಯುತ್ತಾ ಹೇಳಿ!

ಸರಿಯಾಗಿ ಓಡಿದ ಕೋಡ್‌ನ ಮಾತ್ರ ಒಂದು ವಿವರಣೆ ಸಮೇತ ಫೋಲ್ಡರಲ್ಲಿ ಎತ್ತಿಟ್ಕೊಳ್ಳುತ್ತೆ, ಮುಂದೆ ಅದೇ ಥರ ಕೆಲಸ ಬಂದಾಗ ಹುಡುಕಿ ತೆಗಿಯುತ್ತೆ. "ಆಡ್ತಾ ಆಡ್ತಾ ಕಲೀತಿದೆ" ಅಂತಾರಲ್ಲ, ಆ ಕಲಿಕೆ ಪೂರ್ತಿ ಇರೋದು ಈ ಫೋಲ್ಡರಲ್ಲಿ, ಮಾಡೆಲ್ ಒಳಗಿನ ಒಂದು ನಂಬರೂ ಅಲುಗಾಡಿರಲ್ಲ. ಅದೇ ಫೋಲ್ಡರ್‌ನ ಆಟೋಜಿಪಿಟಿ ಅನ್ನೋ ಬೇರೆ ಪ್ರೋಗ್ರಾಂಗೆ ಕೊಟ್ಟು ನೋಡಿದ್ರು, ಅದೂ ಮೊದಲಿಗಿಂತ ಚೆನ್ನಾಗೇ ಆಡ್ತು.