ಮುದ್ದಿನ ಸರೀಸೃಪ, ಮುಟ್ಟಿದ ಕೈ: ಸಾಲ್ಮೊನೆಲ್ಲಾ ಕುರಿತ ಅಧ್ಯಯನ ಟಿಪ್ಪಣಿ

ಸಾಕಿದ ಸರೀಸೃಪಗಳಿಂದ ಸಾಲ್ಮೊನೆಲ್ಲಾ ಎಂಬ ಕರುಳಿನ ಬ್ಯಾಕ್ಟೀರಿಯಾ ಮನುಷ್ಯರಿಗೆ ಹರಡುವ ಈ ಪಾಠವನ್ನು ಬಹುತೇಕರು ‘ಆಮೆಗೆ ಮುತ್ತು ಕೊಡಬಾರದು’ ಎಂಬ ಒಂದೇ ಸಾಲಿಗೆ ಇಳಿಸಿ ಪುಸ್ತಕ ಮುಚ್ಚುತ್ತಾರೆ. ಆ ಸಾಲು ತಪ್ಪಲ್ಲ. ಆದರೆ ಅದನ್ನಷ್ಟೇ ನೆನಪಿಟ್ಟುಕೊಂಡವರಿಗೆ ಡೆನ್ವರ್ ಪ್ರಕರಣ ಬಿಡಿಸಲಾಗದ ಒಗಟಾಗುತ್ತದೆ. ಹಾಗಾಗಿ ಅಲ್ಲಿಂದಲೇ ಹಿಡಿಯೋಣ.

1996ರ ಜನವರಿಯಲ್ಲಿ ಅಮೆರಿಕದ ಡೆನ್ವರ್ ಮೃಗಾಲಯದಲ್ಲಿ ದೈತ್ಯ ಹಲ್ಲಿಗಳಾದ ಕೊಮೊಡೊ ಡ್ರ್ಯಾಗನ್‌ಗಳ ಪ್ರದರ್ಶನ ನಡೆಯಿತು. ನೋಡಿ ಬಂದ ಮಕ್ಕಳಲ್ಲಿ ಜ್ವರ, ಭೇದಿ ಕಾಣಿಸಿಕೊಂಡಿತು. ಖಚಿತವಾದವು, ಶಂಕಿತವಾದವು ಎಲ್ಲ ಸೇರಿ ಪ್ರಕರಣಗಳ ಲೆಕ್ಕ 65ಕ್ಕೆ ಮುಟ್ಟಿತು. ಕಾಯಿಲೆ ಬಿದ್ದವರಲ್ಲಿ ಒಬ್ಬರೂ ಆ ಪ್ರಾಣಿಗಳನ್ನು ಮುಟ್ಟಿರಲಿಲ್ಲ. ಹೆಚ್ಚಿನವರು ಮುಟ್ಟಿದ್ದು ಆವರಣದ ಸುತ್ತಲಿದ್ದ ಮರದ ತಡೆಬೇಲಿಯನ್ನು. ಸಾಲ್ಮೊನೆಲ್ಲಾ ಎಂಟರಿಟಿಡಿಸ್ ಎಂಬ ಬ್ಯಾಕ್ಟೀರಿಯಾ ಆ ಬೇಲಿಯ ಮೇಲೂ ಸಿಕ್ಕಿತು, ಡ್ರ್ಯಾಗನ್‌ನಲ್ಲೂ ಸಿಕ್ಕಿತು. ಪ್ರದರ್ಶನ ನೋಡಿದ ಮೇಲೆ ಕೈ ತೊಳೆದುಕೊಂಡಿದ್ದ ಮಕ್ಕಳು ಬಹುಪಾಲು ಬಚಾವಾಗಿದ್ದರು.

ಪರೋಕ್ಷ ಸಂಪರ್ಕದಿಂದ ಸೋಂಕು ಹರಡುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ‘ಪ್ರಾಣಿಯನ್ನು ಮುಟ್ಟಿದ್ದೀರಾ?’ ಎಂದಷ್ಟೇ ಕೇಳಿದ್ದರೆ ತನಿಖೆ ಅಲ್ಲಿಗೇ ನಿಲ್ಲುತ್ತಿತ್ತು. ಪ್ರಾಣಿಯ ಮಲ ತಾಗಿದ ಯಾವ ವಸ್ತುವನ್ನು ಮುಟ್ಟಿದಿರಿ, ಆಮೇಲೆ ಆ ಕೈ ಎಲ್ಲೆಲ್ಲಿಗೆ ಹೋಯಿತು ಎಂದು ಕೇಳಬೇಕು. ಮುಂದೆ ಓದುವ ಎಲ್ಲ ನಿಯಮಗಳೂ ಈ ಎರಡು ಪ್ರಶ್ನೆಗಳಿಂದಲೇ ಹುಟ್ಟುತ್ತವೆ. ಇವು ತಲೆಯಲ್ಲಿದ್ದರೆ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

ಬ್ಯಾಕ್ಟೀರಿಯಾ ಎಲ್ಲಿರುತ್ತದೆ?

ಸಾಲ್ಮೊನೆಲ್ಲಾ ಕುಲದಲ್ಲಿ ಎರಡು ಪ್ರಭೇದಗಳು: ಎಂಟರಿಕಾ ಮತ್ತು ಬೊಂಗೊರಿ. ಎಂಟರಿಕಾದಲ್ಲಿ ಆರು ಉಪಪ್ರಭೇದಗಳಿವೆ. ಮನುಷ್ಯರಲ್ಲಿ ಸಾಮಾನ್ಯವಾಗಿ ಕಾಣುವವು ಮೊದಲನೆಯ ಉಪಪ್ರಭೇದಕ್ಕೆ ಸೇರಿದವು. ಅರಿಜೋನೆ, ಡೈಅರಿಜೋನೆ, ಹೌಟೆನೆ ಮೊದಲಾದ ಉಳಿದ ಉಪಪ್ರಭೇದಗಳು ಹೆಚ್ಚಾಗಿ ಶೀತರಕ್ತ ಪ್ರಾಣಿಗಳಲ್ಲಿ ಇರುತ್ತವೆ. ರೋಗಿಯ ಮಲ ಪರೀಕ್ಷೆಯಲ್ಲಿ ಇಂಥದ್ದೊಂದು ಸಿಕ್ಕರೆ, ಮನೆಯಲ್ಲಿ ಆಮೆ, ಹಲ್ಲಿ, ಹಾವು ಏನಾದರೂ ಇದೆಯೇ ಎಂದು ವಿಚಾರಿಸುವುದು ವಾಡಿಕೆ. ಆದರೆ ಡೆನ್ವರ್‌ನಲ್ಲಿ ಸಿಕ್ಕಿದ್ದು ಮೊದಲನೆಯ ಉಪಪ್ರಭೇದದ್ದೇ ಎಂಬುದನ್ನು ಮರೆಯಬೇಡಿ; ಉಪಪ್ರಭೇದ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ.

ಸರೀಸೃಪದ ಕರುಳಿನಲ್ಲಿ ಈ ಬ್ಯಾಕ್ಟೀರಿಯಾ ಕಾಯಂ ವಾಸಿ. ಪ್ರಾಣಿಗೆ ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಕಣ್ಣು ಹೊಳೆಯುತ್ತಿರುತ್ತದೆ, ಹಸಿವು ಚೆನ್ನಾಗಿರುತ್ತದೆ. ‘ನನ್ನ ಹಲ್ಲಿ ಆರೋಗ್ಯವಾಗಿದೆ, ಹಾಗಾಗಿ ಭಯವಿಲ್ಲ’ ಎಂಬ ವಾದ ಇಲ್ಲಿಯೇ ಬಿದ್ದುಹೋಗುತ್ತದೆ. ‘ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲವಂತೆ’ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾ ದಿನವೂ ಮಲದಲ್ಲಿ ಹೊರಬರುವುದಿಲ್ಲ. ಇಂದು ಕಾಣದ್ದು ಮುಂದಿನ ವಾರ ಕಾಣಬಹುದು. ಸಾಗಾಟ, ಇಕ್ಕಟ್ಟು, ತಾಪಮಾನದ ಏರುಪೇರಿನಂಥ ಒತ್ತಡಗಳಲ್ಲಿ ಅದು ಹೆಚ್ಚಾಗಿ ಹೊರಬೀಳುತ್ತದೆ. ಹೊಸದಾಗಿ ಮನೆಗೆ ತಂದ ಪ್ರಾಣಿ ಇಷ್ಟನ್ನೂ ಒಟ್ಟಿಗೆ ಅನುಭವಿಸಿರುತ್ತದೆ. ಎಲ್ಲರೂ ಅದನ್ನು ಎತ್ತಿ ಮುದ್ದಾಡಲು ಹಾತೊರೆಯುವುದೂ ಅದೇ ದಿನ.

ಕರುಳಿನಲ್ಲಿರುವುದು ಚರ್ಮದ ಮೇಲೆ ಹೇಗೆ ಬರುತ್ತದೆ? ಸರೀಸೃಪಗಳಲ್ಲಿ ಮಲ, ಮೂತ್ರ, ಮೊಟ್ಟೆ ಎಲ್ಲಕ್ಕೂ ಒಂದೇ ದ್ವಾರ. ಪ್ರಾಣಿ ತನ್ನ ಹಿಕ್ಕೆಯ ಮೇಲೆಯೇ ನಡೆಯುತ್ತದೆ, ಹರಿಯುತ್ತದೆ, ಹೊಟ್ಟೆ ಊರಿ ಮಲಗುತ್ತದೆ. ಹೊಟ್ಟೆಯ ಹುರುಪೆಗಳ ಅಂಚು, ಉಗುರುಗಳ ಬುಡ, ಆಮೆಯ ಚಿಪ್ಪಿನ ಗೆರೆಗಳು ಇವೆಲ್ಲ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ನೀರಾಮೆಯದು ಇನ್ನೂ ಕಷ್ಟ. ತೊಟ್ಟಿಯ ಬೆಚ್ಚಗಿನ ನೀರಿನಲ್ಲಿ ಅದು ತಿನ್ನುವುದೂ ವಿಸರ್ಜಿಸುವುದೂ ಈಜುವುದೂ ಒಟ್ಟಿಗೇ ನಡೆಯುವುದರಿಂದ ಇಡೀ ಮೈ ಸದಾ ಅದರಲ್ಲೇ ನೆನೆದಿರುತ್ತದೆ.

ಹಾಗಾದರೆ ಆಂಟಿಬಯೋಟಿಕ್ ಕೊಟ್ಟು ಪ್ರಾಣಿಯನ್ನು ಶುದ್ಧಗೊಳಿಸಬಹುದಲ್ಲವೇ ಎಂಬ ಪ್ರಶ್ನೆ ತರಗತಿಯಲ್ಲಿ ಪ್ರತಿ ಬಾರಿಯೂ ಏಳುತ್ತದೆ. ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಆಮೆ ಸಾಕಣೆ ಕೇಂದ್ರಗಳಲ್ಲಿ ಮೊಟ್ಟೆಗಳಿಗೆ ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನ ಉಪಚಾರ ಮಾಡಿ ನೋಡಿದ್ದಾರೆ. ಸಾಲ್ಮೊನೆಲ್ಲಾ ಪೂರ್ತಿ ಹೋಗಲಿಲ್ಲ. ಬದಲಿಗೆ ಜೆಂಟಾಮೈಸಿನ್‌ಗೆ ಬಗ್ಗದ ತಳಿಗಳು ಕಾಣಿಸಿಕೊಂಡವು.

ಪುಟ್ಟ ಆಮೆ, ಪುಟ್ಟ ಮಕ್ಕಳು

1975ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 4 ಇಂಚಿಗಿಂತ, ಅಂದರೆ ಸುಮಾರು 10 ಸೆಂಟಿಮೀಟರ್‌ಗಿಂತ, ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಯಾಗಿ ಮಾರುವುದನ್ನು ನಿಷೇಧಿಸಿತು. ಮೊದಲ ನೋಟಕ್ಕೆ ಈ ಅಳತೆ ವಿಚಿತ್ರ ಅನ್ನಿಸುತ್ತದೆ. ದೊಡ್ಡ ಆಮೆಯಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲವೇ? ಇರುತ್ತದೆ. ಆದರೆ ದೊಡ್ಡ ಆಮೆ ಮಗುವಿನ ಬಾಯಿಗೆ ಹಿಡಿಸುವುದಿಲ್ಲ. ನಿಯಮ ಮಾಡಿದವರು ಆಮೆಯ ಜೊತೆಗೆ ಮಗುವಿನ ಬಾಯನ್ನೂ ಅಳೆದಿದ್ದರು. ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಸರಳವಾದ, ಬುದ್ಧಿವಂತಿಕೆಯ ನಿಯಮಗಳು ಅಪರೂಪ ಎಂದೇ ನನ್ನ ಅಭಿಪ್ರಾಯ.

ಅಷ್ಟಾದರೂ ಸಮಸ್ಯೆ ಮುಗಿಯಲಿಲ್ಲ. 2004ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರ ಅಂದಾಜಿನಂತೆ, ಅಲ್ಲಿನ ಬಿಡಿ (ಒಟ್ಟಾಗಿ ಹರಡದೆ ಅಲ್ಲೊಂದು ಇಲ್ಲೊಂದು ಕಾಣುವ) ಸಾಲ್ಮೊನೆಲ್ಲಾ ಸೋಂಕುಗಳಲ್ಲಿ ಸುಮಾರು 6 ಶೇಕಡಾ ಸರೀಸೃಪ ಮತ್ತು ಉಭಯವಾಸಿಗಳ ಸಂಪರ್ಕದಿಂದ ಬಂದವು. 21 ವರ್ಷದೊಳಗಿನವರಲ್ಲಿ ಈ ಪಾಲು 11 ಶೇಕಡಾ.

ಆರೋಗ್ಯವಂತ ವಯಸ್ಕರಿಗೆ ಇದು ಸಾಮಾನ್ಯವಾಗಿ ಕೆಲವು ದಿನಗಳ ಗೋಳು. ಸೋಂಕು ತಗುಲಿದ 6 ಗಂಟೆಯಿಂದ 6 ದಿನಗಳೊಳಗೆ ಜ್ವರ, ಹೊಟ್ಟೆನುಲಿತ, ಭೇದಿ ಶುರುವಾಗಿ 4ರಿಂದ 7 ದಿನಗಳಲ್ಲಿ ಇಳಿಯುತ್ತದೆ. ಹಸುಗೂಸುಗಳ ಕಥೆ ಬೇರೆ. ಅವರ ಜಠರದ ಆಮ್ಲ ಇನ್ನೂ ದುರ್ಬಲ, ರೋಗನಿರೋಧಕ ಶಕ್ತಿ ಎಳೆಯದು. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದು ಮಿದುಳುಪೊರೆಯ ಉರಿಯೂತದವರೆಗೂ ಹೋಗಬಹುದು. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಸರೀಸೃಪಗಳನ್ನು ಮುಟ್ಟದಿರುವುದೇ ಲೇಸು ಎನ್ನುವುದು ಇದಕ್ಕಾಗಿ. ಜಠರದ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲೂ ಈ ಕಾವಲು ಸಡಿಲವಾಗಿರುತ್ತದೆ.

ಸೋಂಕಿಗೊಳಗಾದ ಕೂಸುಗಳಲ್ಲಿ ಅನೇಕವು ಪ್ರಾಣಿಯನ್ನು ಮುಟ್ಟಿಯೇ ಇರುವುದಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಅಪ್ಪ ಇಗ್ವಾನಾ ಎಂಬ ದೊಡ್ಡ ಹಲ್ಲಿಯನ್ನು ಎತ್ತಿ ಇಳಿಸಿ, ಅದೇ ಕೈಯಲ್ಲಿ ಹಾಲಿನ ಬಾಟಲಿ ಹಿಡಿದರೆ ಸಾಕು. ಮನೆಯಲ್ಲಿ ಯಾರಿಗೇ ಜ್ವರ, ಭೇದಿ ಬಂದರೂ ‘ನಮ್ಮಲ್ಲಿ ಸರೀಸೃಪ ಇದೆ’ ಎಂದು ವೈದ್ಯರಿಗೆ ತಾವಾಗಿಯೇ ಹೇಳಬೇಕು.

ಪ್ರೀತಿ ತೋರಿಸುವುದು ಹೇಗೆ?

ಶುಚಿತ್ವದ ಪಾಠ ಕೇಳಿ ಪ್ರಾಣಿಪ್ರಿಯರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ನನಗೆ ಅದಕ್ಕೆ ಕಾರಣ ಕಾಣುವುದಿಲ್ಲ, ಏಕೆಂದರೆ ಮುತ್ತು, ಅಪ್ಪುಗೆ ಸರೀಸೃಪಕ್ಕೆ ಬೇಕಾದವೇ ಅಲ್ಲ. ಮೇಲಿನಿಂದ ಇಳಿದು ಬರುವ ಕೈ, ಬಿಗಿಯಾಗಿ ಸುತ್ತುವ ತೋಳು ಅದರ ಕಣ್ಣಿಗೆ ಬೇಟೆಗಾರನ ಲಕ್ಷಣಗಳು. ಬಿಯರ್ಡೆಡ್ ಡ್ರ್ಯಾಗನ್ ಎಂಬ ಹಲ್ಲಿ ಅಪ್ಪಿಕೊಂಡವರ ಎದೆಯ ಮೇಲೆ ಕಣ್ಣು ಮುಚ್ಚಿದರೆ ಅದನ್ನು ನೆಮ್ಮದಿ ಎಂದು ಓದುವವರೇ ಹೆಚ್ಚು. ಗಂಟಲಿನ ಕೆಳಭಾಗವನ್ನೂ ನೋಡಿ: ಅದು ಕಪ್ಪಾಗಿದ್ದರೆ ಪ್ರಾಣಿ ಒತ್ತಡದಲ್ಲಿದೆ. ಲೆಪರ್ಡ್ ಗೆಕ್ಕೊ ಎಂಬ ಇನ್ನೊಂದು ಹಲ್ಲಿ ಬಾಲವನ್ನು ಎತ್ತಿ ನಿಧಾನವಾಗಿ ಅಲೆಯಂತೆ ಆಡಿಸುತ್ತಿದ್ದರೆ ಅದು ಎಚ್ಚರಿಕೆ. ಒತ್ತಾಯ ಮುಂದುವರಿಸಿದರೆ ಬಾಲವನ್ನೇ ಕಳಚಿ ಬಿಟ್ಟುಹೋಗುತ್ತದೆ. ಹೆಬ್ಬಾವು ಅಂಗಿಯ ತೋಳಿನೊಳಗೆ ನುಸುಳಿದರೆ ಅದು ಹುಡುಕುತ್ತಿರುವುದು ಬಿಸುಪು ಮತ್ತು ಕತ್ತಲೆ.

ಇದರರ್ಥ ಅವುಗಳಿಗೆ ನಮ್ಮ ಗುರುತೇ ಇಲ್ಲ ಎಂದಲ್ಲ. ದಿನವೂ ಮೇವು ಹಾಕುವವರನ್ನು ಆಮೆಗಳು ಗುರುತಿಸುತ್ತವೆ, ಹತ್ತಿರ ಬರುತ್ತವೆ. ಗ್ಯಾಲಪಗೋಸ್‌ನ ದೈತ್ಯ ಆಮೆಗಳು ಫಿಂಚ್ ಹಕ್ಕಿ ಎದುರಿಗೆ ಬಂದಾಗ ಕಾಲುಗಳನ್ನು ನೆಟ್ಟಗೆ ಮಾಡಿ, ಮೈಯನ್ನು ನೆಲದಿಂದ ಎತ್ತಿ, ಕತ್ತು ಪೂರ್ತಿ ಚಾಚಿ ನಿಲ್ಲುತ್ತವೆ. ಹಕ್ಕಿ ಆಮೆಯ ಚರ್ಮದ ಮಡಿಕೆಗಳಲ್ಲಿನ ಉಣ್ಣಿಗಳನ್ನು ಹೆಕ್ಕುತ್ತದೆ. ಪಾಲಕರು ಕತ್ತು ತುರಿಸಿದಾಗಲೂ ಅದೇ ಭಂಗಿ. ಅಂದರೆ ಆಮೆಗೆ ಹಿತವಾದ ಸ್ಪರ್ಶ ಬೆರಳ ತುದಿಯದು, ಮುಖ ದೂರವೇ ಇರಬಹುದು. ಪ್ರಾಣಿ ತಾನಾಗಿ ಕೈ ಮೇಲೆ ಹತ್ತುವವರೆಗೆ ಕಾಯುವುದು, ಮೈಗೆ ಕೆಳಗಿನಿಂದ ಪೂರ್ತಿ ಆಧಾರ ಕೊಡುವುದು, ಉಂಡ ಮೇಲೆ ಎರಡು ದಿನ ಹಾವನ್ನು ಎತ್ತದಿರುವುದು, ಪೊರೆ ಬಿಡುವ ಮುನ್ನ ಕಣ್ಣು ಮಬ್ಬಾದಾಗ ಸುಮ್ಮನೆ ಬಿಡುವುದು: ಇವು ಪ್ರಾಣಿಗೆ ಅರ್ಥವಾಗುವ ಪ್ರೀತಿ.

ತೊಳೆಯುವ ಕೆಲಸ

ಸೋಪು, ಹರಿಯುವ ನೀರು, ಕನಿಷ್ಠ 20 ಸೆಕೆಂಡು. ಅಂಗೈ ಉಜ್ಜಿ ಮುಗಿಸುವವರು ಉಗುರಿನ ಅಡಿ, ಬೆರಳ ಸಂದು, ಹೆಬ್ಬೆರಳ ಬುಡ ಬಿಟ್ಟುಬಿಡುತ್ತಾರೆ. ಉಂಗುರ, ಗಡಿಯಾರ ಮೊದಲೇ ತೆಗೆದಿಡಿ. ಆಲ್ಕೋಹಾಲ್ ದ್ರವ ಮಣ್ಣು, ಜಿಡ್ಡು ಅಂಟಿದ ಕೈಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಸಿಗುವವರೆಗಿನ ತಾತ್ಕಾಲಿಕ ಉಪಾಯವಷ್ಟೇ.

ಕೈಗಿಂತ ಹೆಚ್ಚು ಎಡವುವುದು ತೊಟ್ಟಿಯ ವಿಷಯದಲ್ಲಿ. ನೀರಾಮೆಯ ತೊಟ್ಟಿ ಖಾಲಿ ಮಾಡಲು ಪ್ಲಾಸ್ಟಿಕ್ ನಳಿಕೆ ಇಳಿಬಿಟ್ಟು, ಇನ್ನೊಂದು ತುದಿಗೆ ಬಾಯಿ ಇಟ್ಟು ನೀರೆಳೆಯುವವರಿದ್ದಾರೆ. ಆಮೆಗೆ ಎಂದೂ ಮುತ್ತು ಕೊಡದವರೂ ಇದನ್ನು ಯೋಚಿಸದೆ ಮಾಡುತ್ತಾರೆ. ಅಪಾಯದ ಲೆಕ್ಕದಲ್ಲಿ ಇದು ಮುತ್ತಿಗಿಂತ ಮುಂದೆ. ನಳಿಕೆಯನ್ನು ಮೊದಲೇ ನೀರು ತುಂಬಿಸಿ ಹೆಬ್ಬೆರಳಿನಿಂದ ಮುಚ್ಚಿ ಇಳಿಸಿದರೆ, ಅಥವಾ ಒತ್ತುವ ಪಂಪು ಬಳಸಿದರೆ, ಬಾಯಿಯ ಹಂಗೇ ಇಲ್ಲ. ಆ ನೀರನ್ನು ಅಡುಗೆಮನೆಯ ಸಿಂಕಿಗೆ ಸುರಿಯಬಾರದು, ಬಟ್ಟಲು, ಕಲ್ಲುಗಳನ್ನು ಅಲ್ಲಿ ತೊಳೆಯಲೂಬಾರದು. ಸಾಧ್ಯವಾದರೆ ಹೊರಗೆ, ಪ್ರತ್ಯೇಕ ಬಕೆಟ್ಟು, ಬ್ರಷ್ಷು ಇಟ್ಟುಕೊಂಡು ತೊಳೆಯಿರಿ. ಮೊದಲು ಹಿಕ್ಕೆ, ಪಾಚಿ ಎಲ್ಲವನ್ನೂ ಉಜ್ಜಿ ತೆಗೆಯಬೇಕು, ಸೋಂಕುನಾಶಕ ಆಮೇಲೆ. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಖರ್ಚಾಗುತ್ತದೆ.

ಹಾವಿನ ಮೇವಾದ ಇಲಿಗಳೂ ಸೋಂಕಿನ ಮೂಲವೇ. ಹೆಪ್ಪುಗಟ್ಟಿಸಿದರೆ ಸಾಲ್ಮೊನೆಲ್ಲಾ ಸಾಯುವುದಿಲ್ಲ. 2010ರ ಹೊತ್ತಿಗೆ ಅಮೆರಿಕ ಮತ್ತು ಬ್ರಿಟನ್‌ಗಳಲ್ಲಿ ಹೆಪ್ಪುಗಟ್ಟಿಸಿದ ಮೇವಿನ ಇಲಿಗಳಿಂದಲೇ ಜನರಿಗೆ ಸೋಂಕು ಹರಡಿತ್ತು. ಅವನ್ನು ಊಟದ ಪದಾರ್ಥಗಳ ನಡುವೆ ಇಡಬೇಡಿ, ಮೈಕ್ರೋವೇವ್‌ನಲ್ಲಿ ಕರಗಿಸಬೇಡಿ.

ಉಳಿದ ಸೂಕ್ಷ್ಮಜೀವಿಗಳು ಪರೀಕ್ಷೆಗೆ ಒಂದೆರಡು ಅಂಕದವು. ಮೈಕೋಬ್ಯಾಕ್ಟೀರಿಯಂ ಮರೈನಮ್ ಎಂಬ ಬ್ಯಾಕ್ಟೀರಿಯಾ ತೊಟ್ಟಿಯ ನೀರಿನಿಂದ ಗಾಯದ ಮೂಲಕ ಒಳಹೊಕ್ಕು, ವಾರಗಳ ನಂತರ ಕೈಯ ಚರ್ಮದಲ್ಲಿ ವಾಸಿಯಾಗದ ಗಂಟು ಎಬ್ಬಿಸುತ್ತದೆ. ಏರೋಮೋನಾಸ್ ಕೂಡ ನೀರಿನದೇ, ಗಾಯದ ದಾರಿಯಲ್ಲೇ ಬರುತ್ತದೆ. ಕೈಯಲ್ಲಿ ಗೀರಿದ್ದರೆ ಕೈಗವಸು ಹಾಕಿಕೊಂಡೇ ತೊಟ್ಟಿಗೆ ಕೈ ಹಾಕಿ; ಕಚ್ಚಿದ, ಪರಚಿದ ಗಾಯವನ್ನು ಕೂಡಲೇ ತೊಳೆಯಿರಿ.

ಸೋಂಕು ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. ಹಾವು, ಹಲ್ಲಿಗಳ ಜಠರವನ್ನು ಕೆಡಿಸುವ ಕ್ರಿಪ್ಟೋಸ್ಪೊರಿಡಿಯಂ ಸರ್ಪೆಂಟಿಸ್ ಎಂಬ ಪರಾವಲಂಬಿ ಒಂದು ಗೂಡಿನಿಂದ ಇನ್ನೊಂದಕ್ಕೆ ಸಾಕುವವರ ಕೈ, ಚಿಮಟ, ನೀರಿನ ಬಟ್ಟಲುಗಳ ಮೂಲಕ ಸಾಗುತ್ತದೆ, ಮಾಮೂಲಿ ಸೋಂಕುನಾಶಕಗಳಿಗೆ ಜಗ್ಗುವುದಿಲ್ಲ. ಆದ್ದರಿಂದ ಪ್ರಾಣಿ ಮುಟ್ಟುವ ಮೊದಲೂ ಕೈ ತೊಳೆಯಬೇಕು. ಇದರಲ್ಲಿ ಸಾಕುವವರಿಗೂ ಲಾಭವಿದೆ: ಇಲಿಯ ವಾಸನೆ ಹೊತ್ತ ಬೆರಳನ್ನು ಹಾವು ಮೇವೆಂದೇ ತಿಳಿದು ಹಿಡಿಯುತ್ತದೆ. ಹಲವು ಪ್ರಾಣಿಗಳಿದ್ದರೆ ಆರೋಗ್ಯವಂತ ಹಳೆಯವುಗಳ ಕೆಲಸ ಮೊದಲು, ಕಾಯಿಲೆಯವು ಆಮೇಲೆ, ಹೊಸದಾಗಿ ಬಂದು ಪ್ರತ್ಯೇಕವಾಗಿ ಇಟ್ಟವು ಕೊನೆಗೆ, ಪ್ರತಿ ಗೂಡಿಗೂ ಅದರದೇ ಚಿಮಟ.