ಹಪ್ಪಳ ಮೆತ್ತಗಾಗುವ ಊರಿನ ಹವೆ

ನಮ್ಮ ಉಡುಪಿ ಕಡೆ ಮಳೆಗಾಲದಲ್ಲಿ ಬಾಳೆಲೆಗೆ ಹಪ್ಪಳ ಬಡಿಸಿದರೆ, ಸಾರು ಬರುವಷ್ಟರಲ್ಲಿ ಅದು ಮೆತ್ತಗಾಗಿರುತ್ತದೆ. ಉಪ್ಪಿನ ಭರಣಿಯಲ್ಲಿ ನೀರು. ಹಗ್ಗದಲ್ಲಿರುವ ಬೈರಾಸಿಗೆ ಮೂರನೇ ದಿನವೂ ಮುಗ್ಗಲು ವಾಸನೆ. ಎಲ್ಲದಕ್ಕೂ ಕಾರಣ ಕಣ್ಣಿಗೆ ಕಾಣದ ನೀರಾವಿ.

ಎಷ್ಟಿರಬಹುದು ಅಂತ ಒಮ್ಮೆ ಲೆಕ್ಕ ಹಾಕಿದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ. ಅಲ್ಲಿಗೆ 800 ಗ್ರಾಂಗೂ ಜಾಸ್ತಿ ಆಯ್ತು! ಒಂದು ಚೊಂಬು ನೀರು ಸುಮ್ನೆ ನಮ್ಮ ಸುತ್ತ ಓಡಾಡಿಕೊಂಡಿದೆ. ಅದೇ ಗಾಳಿ 20 ಡಿಗ್ರಿಗೆ ತಣಿದರೆ ಘನ ಮೀಟರಿಗೆ 17 ಗ್ರಾಂ ಅಷ್ಟೇ. ಮಿಕ್ಕಿದ್ದು ಹನಿಯಾಗಲೇಬೇಕು. ತಣ್ಣನೆಯ ಪುನರ್ಪುಳಿ ಶರಬತ್ತಿನ ಲೋಟ ಹೊರಗಿನಿಂದ ಒದ್ದೆಯಾಗುತ್ತದಲ್ಲ, ಆ ನೀರು ಶರಬತ್ತಿನದ್ದಲ್ಲ, ಕೋಣೆಯದ್ದು.

ಸೆಕೆಯ ಗುಟ್ಟೂ ಇದೇ. ಏಪ್ರಿಲ್‌ನಲ್ಲಿ ಕಲಬುರಗಿ 40 ಡಿಗ್ರಿ ದಾಟುತ್ತದೆ, ಮಂಗಳೂರು 34ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಬಸ್ಸಿಳಿದ ಕಲಬುರಗಿಯವರು ನಮ್ಮೂರಲ್ಲಿ ಅಂಗಿ ಹಿಂಡುವ ಹಾಗೆ ಬೆವರುತ್ತಾರೆ. ಬೆವರು ಆರುವಾಗ ಮೈಯ ಬಿಸಿಯನ್ನು ಎಳೆದುಕೊಂಡು ಹೋಗಬೇಕು. ಇಲ್ಲಿನ ಗಾಳಿಗೆ ಹೊಟ್ಟೆ ಆಗಲೇ ತುಂಬಿರುತ್ತದೆ, ಬೆವರು ಆರುವುದಾದರೂ ಎಲ್ಲಿ?

ಇಂಥ ಗಾಳಿ ಭಾರ ಅಂತ ಅನ್ನಿಸುತ್ತದೆ ಅಲ್ವಾ? ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ನಿಜಕ್ಕೂ ಅದು ಒಣ ಗಾಳಿಗಿಂತ ಹಗುರ. ನೀರಿನ ಅಣುವಿನ ತೂಕ 18, ನೈಟ್ರೋಜನ್ನಿನದ್ದು 28, ಆಕ್ಸಿಜನ್ನಿನದ್ದು 32. ಹಗುರದವರು ಬಂದು ಭಾರದವರ ಜಾಗ ಹಿಡಿದರೆ ಒಟ್ಟು ತೂಕ ಇಳಿಯುತ್ತದೆ.

ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ಬರುವ ಗಾಳಿಗೆ ಪಶ್ಚಿಮ ಘಟ್ಟ ಅಡ್ಡ ನಿಲ್ಲುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಬಸ್ಸು ಏರುವ ಹಾಗೆ ಗಾಳಿಯೂ ಏರಬೇಕು. ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಆಮೇಲೆ ಶರಬತ್ತಿನ ಲೋಟದ ಕಥೆಯೇ, ದೊಡ್ಡ ಪ್ರಮಾಣದಲ್ಲಿ. ಮಂಗಳೂರಿಗೆ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ, ಆಗುಂಬೆಗೆ 7,000ದ ಆಸುಪಾಸು. ಘಟ್ಟದ ಆಚೆ, ಚಿತ್ರದುರ್ಗ ಮುಟ್ಟುವಾಗ 600ರ ಹತ್ತಿರ ಬಂದು ನಿಲ್ಲುತ್ತದೆ.

ಅಂದ ಹಾಗೆ, ಮಳೆಹನಿ ಚಿತ್ರದಲ್ಲಿ ಬರೆಯುವಂತೆ ಮೇಲೆ ಚೂಪಾಗಿರುವುದಿಲ್ಲ. ಸಣ್ಣ ಹನಿ ಗುಂಡಗಿರುತ್ತದೆ. ದೊಡ್ಡದಕ್ಕೆ ಕೆಳಗಿನಿಂದ ಗಾಳಿ ಒತ್ತಿ ಬುಡ ಚಪ್ಪಟೆ, ಮೇಲೆ ಉಬ್ಬು. ಥೇಟ್ ಬನ್ನಿನ ಹಾಗೆ. ನಮ್ಮ ಹೋಟೆಲಿನ ಬಾಳೆಹಣ್ಣಿನ ಬನ್ಸ್ ಅಲ್ಲ, ಬೇಕರಿಯ ಬನ್ನು. 5–6 ಮಿಲಿಮೀಟರ್ ದಾಟಿದರೆ ಸಾಮಾನ್ಯವಾಗಿ ಒಡೆದೇ ಹೋಗುತ್ತದೆ.

ಪೇಪರಿನಲ್ಲಿ ‘100 ಮಿಲಿಮೀಟರ್ ಮಳೆ’ ಅಂತ ಓದಿದರೆ ಏನೂ ಅನ್ನಿಸುವುದಿಲ್ಲ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ತಾರಸಿಗೆ ಆ ದಿನ ಬಿದ್ದದ್ದು 10,000 ಲೀಟರ್. ಮೇ ತಿಂಗಳಲ್ಲಿ ಬಾವಿ ತಳ ಕಂಡಾಗ ದುಡ್ಡು ಕೊಟ್ಟು ಟ್ಯಾಂಕರಿನಲ್ಲಿ ತರಿಸಿದ್ದೆವಲ್ಲ, ಅದೇ ನೀರು ಈಗ ತಾರಸಿಯ ಪೈಪಿನಿಂದ ಧೋ ಅಂತ ಸುರಿದು ಚರಂಡಿ ಸೇರುತ್ತಿದೆ.